ಎರಡನೆಯ ಚೌಕ

ಪಿರೇಯಸ್ ಬಂದರು, ಹನ್ನೆರಡನೇ ಗೇಟು, ಬೆಳಿಗ್ಗೆ ಏಳೂವರೆ.
ಮೇಜಿನ ಮೇಲೆ ಒಂದು ಮೊಹರು, ಒಣಗುತ್ತಿರುವ ಶಾಯಿ,
ಆರಿಹೋದ ಕಾಫಿ.
ಕಿಟಕಿಯಾಚೆ ಹದಿನಾಲ್ಕು ಅಂತಸ್ತಿನ ಹಡಗು
ಊರಿನ ಬಿಸಿಲನ್ನೆಲ್ಲ ತಾನೇ ಹೊದ್ದು ನಿಂತಿದೆ,
ಒಳಗೆಲ್ಲ ಮದುವೆಮನೆಯ ಗದ್ದಲ.

ಇವತ್ತು ನೂರ ಎಂಬತ್ತು ಮಕ್ಕಳು.
ಅವರ ಕೈಯಲ್ಲಿ ಇನ್ನೂ ಗಾಳಿ ತುಂಬದ ಈಜುಪಟ್ಟಿ,
ತಾಯಂದಿರ ಕೈಯಲ್ಲಿ ಲಸಿಕೆಯ ಪುಸ್ತಕ:
ಬಾಗಿದ ರಟ್ಟು, ಹಾಲಿನ ಕಲೆ, ಯಾವುದೋ ಪುಟದಲ್ಲಿ
ಯಾವುದೋ ಮಗು ಬಳಪದಲ್ಲಿ ಬರೆದ ಬೆಕ್ಕು.
ನಾನು ಬೆಕ್ಕು ನೋಡುವುದಿಲ್ಲ, ತಾರೀಖು ನೋಡುತ್ತೇನೆ.
(ಸುಳ್ಳು. ಬೆಕ್ಕನ್ನೂ ನೋಡುತ್ತೇನೆ.)

ದಡಾರಕ್ಕೆ ಎರಡು ಚೌಕ.
ಮೊದಲನೆಯದರಲ್ಲಿ ಡಾಕ್ಟರ ಸಹಿ, ಕಾಗೆಕಾಲು ಗುಬ್ಬಿಕಾಲು.
ಎರಡನೆಯದು ಖಾಲಿ.
ಹುಡುಗನ ಹೆಸರು ಲೆಫ್ತೇರಿಸ್, ಆರು ವರ್ಷ.
'ಮೂರು ವರ್ಷ ಕೂಡಿಟ್ಟ ದುಡ್ಡು ಮೇಡಂ' ಅಂದ ಅಪ್ಪ,
'ಜ್ವರ ಇಲ್ಲ, ನೆಗಡಿ ಇಲ್ಲ, ನೋಡಿ, ಕುದುರೆ ಇದ್ದ ಹಾಗಿದ್ದಾನೆ.'
ಲೆಫ್ತೇರಿಸ್ ಕೆನೆದ.
ಸಾಲಿನಲ್ಲಿ ನಿಂತವರು ನಕ್ಕರು. ನನಗೂ ನಗು ಬಂತು,
ನುಂಗಿಕೊಂಡೆ.

ಅಮ್ಮ, ಕಲಿರೋಯಿ, ಮೆಲ್ಲಗೆ ಹೇಳಿದಳು:
'ಆಗ ಯಾರೋ ಏನೋ ಅಂದರು. ಹೆದರಿಕೆಯಾಯಿತು.
ಆಮೇಲೆ ಹೆದರಿಕೆ ಹೋಯಿತು,
ಡಾಕ್ಟರ ಮುಖ ನೋಡಲು ನಾಚಿಕೆ ಉಳಿಯಿತು.'

ಹದಿನೈದು ದಿನ ಮೊದಲೇ ಚುಚ್ಚಿಸಿರಬೇಕು ಎಂದು
ಟಿಕೆಟ್ಟಿನ ಬೆನ್ನಲ್ಲೇ ಇದೆ, ಇರುವೆಯಂಥ ಅಕ್ಷರದಲ್ಲಿ.
ವಾರವಾರವೂ ಹೇಳುವುದನ್ನೇ ಹೇಳಿದೆ:
ಹಡಗಿಗೆ ಬಾಗಿಲು ಸಾವಿರ, ಗಾಳಿ ಒಂದೇ.
ಒಂದೇ ಕೊಳ, ಒಂದೇ ಜಾರುಬಂಡೆ,
ಪಾಯಸದ ಪಾತ್ರೆಗೆ ಒಂದೇ ಸೌಟು.
ಅವರ ಹಿಂದೆಯೇ ಒಬ್ಬ ಬಾಣಂತಿಯಂಥ ಹುಡುಗಿ,
ಎದೆಗೆ ಕಟ್ಟಿದ ಬಟ್ಟೆಯಲ್ಲಿ ಎಂಟು ತಿಂಗಳ ಕೂಸು.
ಆ ಕೂಸಿನ ಪುಸ್ತಕದಲ್ಲೂ ಇದೇ ಎರಡು ಚೌಕ ಖಾಲಿ,
ಇನ್ನೂ ವಯಸ್ಸಾಗಿಲ್ಲ.
ಅಲ್ಲಿಯವರೆಗೆ ಅದರ ಚೌಕ ತುಂಬಬೇಕಾದವರು
ಸಾಲಿನಲ್ಲಿ ಅದರ ಹಿಂದೆ ಮುಂದೆ ನಿಂತವರು.
ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.
ಕೂಸು ಆಕಳಿಸಿತು.

ಆಗ ಅಜ್ಜಿ ಮುಂದೆ ಬಂದಳು. ಟಕ್ ಎಂದು ಒಂದು ಹೆಜ್ಜೆ,
ಸದ್ದಿಲ್ಲದ ಇನ್ನೊಂದು.
ಎಡಗಾಲಿನ ಬೂಟಿಗೆ ನಾಲ್ಕು ಬೆರಳು ದಪ್ಪದ ಅಟ್ಟೆ.
ಕಾಲಿಮ್ನೋಸ್ ದ್ವೀಪ, ಸ್ಪಂಜು ಹೆಕ್ಕುವವನ ಮಗಳು,
ಮೂರನೇ ವಯಸ್ಸಿಗೆ ಪೋಲಿಯೊ.
'ನಮ್ಮ ಕಾಲದಲ್ಲಿ ಪುಸ್ತಕ ಇರಲಿಲ್ಲ ತಾಯಿ,
ಕಾಲಿನಲ್ಲೇ ಬರೆದು ಹೋಯಿತು' ಅಂದಳು.
ಸೊಸೆಯ ಕಡೆ ನೋಡಲಿಲ್ಲ.
ನೋಡದಿದ್ದುದು ಬೈಗುಳವೋ ಕರುಣೆಯೋ, ಗೊತ್ತಾಗಲಿಲ್ಲ.
ತನ್ನ ಕೋಣೆಯ ಕಾರ್ಡನ್ನು ಮೇಜಿನ ಮೇಲಿಟ್ಟಳು:
'ಇವರು ಹೋಗಲಿ, ದೊಡ್ಡವಳನ್ನು ಕರೆದುಕೊಂಡು.
ನಾನೂ ಇವನೂ ಇಲ್ಲೇ.
ನನಗೆ ಹೇಗೂ ನೀರು ಆಗುವುದಿಲ್ಲ.'
ಸ್ಪಂಜು ಹೆಕ್ಕುವವನ ಮಗಳಿಗೆ ನೀರು ಆಗುವುದಿಲ್ಲವಂತೆ!

ಹುಡುಗ ಅಳಲಿಲ್ಲ, ಕೇಳಿದ: 'ನೋಯುತ್ತಾ?'
'ನೋಯುತ್ತೆ.'
'ಎಷ್ಟು?'
'ಕಡಲ ಮುಳ್ಳುಚೆಂಡು ತುಳಿದರೆ ನೋಯುತ್ತಲ್ಲ,
ಅದರ ಕಾಲುಭಾಗ.'
ಅವನು ಲೆಕ್ಕ ಹಾಕುತ್ತ ನಿಂತ.
ಕೂಸಿನ ಪುಸ್ತಕಕ್ಕೆ ನಾನು ಮೊಹರು ಒತ್ತಿದೆ.

ಸಂಜೆ ಐದಕ್ಕೆ ಶಟರು ಎಳೆಯುವಾಗ ಕಂಡೆ:
ಕಟ್ಟೆಯ ಮೇಲೆ ಇಬ್ಬರೂ, ನಡುವೆ ಪಿಸ್ತಾ ಸಿಪ್ಪೆ.
ಅಜ್ಜಿ ಊದಿ ಊದಿ ಈಜುಪಟ್ಟಿಗೆ ಗಾಳಿ ತುಂಬಿ
ಅವನ ತೋಳಿಗೇರಿಸುತ್ತಿದ್ದಳು,
ನಾಳೆ ಸೂಜಿ ಬೀಳುವ ಜಾಗಕ್ಕೇ.
ಮೇಲಿನ ಅಂತಸ್ತಿನಲ್ಲಿ ಯಾರೋ ಕೈ ಬೀಸುತ್ತಿದ್ದರು,
ಯಾರೆಂದು ಇಲ್ಲಿಂದ ತಿಳಿಯದು.
ಹಡಗು ಕೂಗಿತು.
ಲೆಫ್ತೇರಿಸ್ ಕೆನೆದ.